ಉಪ್ಪು ಬಿಡಿಸಿದ ಹರಕೆ

ದೆಹಲಿಯ ಮೆಟ್ರೋ ರೋಹಿಣಿಯವರೆಗೆ ಬಂದ ಮೇಲೆ ಅಲ್ಲಿರುವ ನನ್ನ ಗಂಡನ ಅಕ್ಕ, ನನ್ನ ಅತ್ತಿಗೆ, ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ಬರುವುದು ಹೆಚ್ಚಾಯಿತು. ಬಂದವರ ಕಣ್ಣು ಮೊದಲು ಹೋಗುತ್ತಿದ್ದದ್ದು ತಮ್ಮನ ಮುಖದ ಕಡೆಗಲ್ಲ, ಫ್ರಿಜ್ಜಿನ ಮೇಲಿದ್ದ ಲಿಥಿಯಂ ಮಾತ್ರೆಯ ಡಬ್ಬಿಯ ಕಡೆಗೆ.

"ಇನ್ನೂ ನುಂಗಿಸ್ತಿದೀಯಾ? ಈಗ ಚೆನ್ನಾಗೇ ಇದಾನಲ್ಲೇ."

ಚೆನ್ನಾಗಿದ್ದದ್ದು ಮಾತ್ರೆಯಿಂದ. ಎಷ್ಟು ಸಲ ಹೇಳಲಿ? ಇವರ ಮನಸ್ಸಿನ ಕಾಯಿಲೆಗೆ ಡಾಕ್ಟರು ಬೈಪೋಲಾರ್ ಎಂದು ಹೆಸರು ಹೇಳುವ ಮೊದಲು ಇವರು ಆಫೀಸಿನ ಮೇಜು ಹತ್ತಿ ಭಾಷಣ ಮಾಡಿದ್ದರು. ಆಮೇಲೆ ಇಡೀ ಚಳಿಗಾಲ ರಜಾಯಿಯಿಂದ ಮುಖ ಹೊರಗೆ ಹಾಕಲಿಲ್ಲ. ಆಗ ಅತ್ತಿಗೆ ಒಂದು ದಿನ ಬಂದು ಪಕ್ಕದಲ್ಲಿ ಕೂತವರಲ್ಲ. ಹೇಗೋ ಕೆಲಸ ಉಳಿಯಿತು, ದೇವರು ದೊಡ್ಡವನು.

ಆ ಮೇ ತಿಂಗಳು ಅವರು ಬಂದದ್ದು ಒಂದು ಹರಕೆ ಹೊತ್ತುಕೊಂಡು. ಕಾಯಿಲೆ ಪೂರ್ತಿ ಹೋಗಲಿ, ತಮ್ಮ ಒಂದು ಮಂಡಲ ಉಪ್ಪಿಲ್ಲದ ಊಟ ಮಾಡುತ್ತಾನೆ ಎಂದು ಮನೆದೇವರಿಗೆ ಹೇಳಿಕೊಂಡುಬಿಟ್ಟಿದ್ದರು. ನಮ್ಮನ್ನು ಕೇಳಿರಲಿಲ್ಲ.

"ಈ ಮಾತ್ರೆ ತಗೊಳ್ಳೋರು ಉಪ್ಪು ಬಿಡಬಾರದು ಅಂತ ಡಾಕ್ಟರು ಹೇಳಿದಾರೆ, ಅತ್ತಿಗೆ."

"ಅಚ್ಛಾ. ಎರಡು ಹೊತ್ತು ದೀಪ ಹಚ್ಚೋಳು ನೀನೇನಾ ಇದನ್ನ ಹೇಳ್ತಿರೋದು?"

"ಬಿಡೇ, ಅಕ್ಕ ಹೇಳ್ಕೊಂಡಾಗಿದೆ. ಮಾತ್ರೆನೂ ನಡೀಲಿ, ಹರಕೆನೂ ನಡೀಲಿ," ಎಂದರು ಇವರು. ಮಾತ್ರೆಯಿಂದ ಬಾಯಲ್ಲಿ ಸದಾ ತಗಡಿನ ರುಚಿ ಎಂದು ಗೊಣಗುತ್ತಿದ್ದವರು. ಹರಕೆ ಮುಗಿದರೆ ಮಾತ್ರೆಯೂ ಮುಗಿದೀತೆಂಬ ಆಸೆ ಅವರಿಗೂ ಇತ್ತು.

ಸಪ್ಪೆ ಅಡುಗೆ ನನ್ನ ಕೈಯಿಂದ ಆಗದು ಎಂದೆ. ಅತ್ತಿಗೆ ನಮ್ಮಲ್ಲೇ ಉಳಿದು ತಾವೇ ಮಾಡಿ ಬಡಿಸಿದರು. ಆ ಬಿಸಿಗಾಳಿಯಲ್ಲಿ ಇವರು ಬಸ್ಸಿನಲ್ಲಿ ಬೆವರಿಳಿಸಿಕೊಂಡು ಬಂದು ಉಪ್ಪಿಲ್ಲದ ಅನ್ನ ತಿನ್ನುತ್ತಿದ್ದರು. ವಾಂತಿ ಶುರುವಾಯಿತು. ಲೋಟ ಹಿಡಿದರೆ ನೀರೆಲ್ಲ ಅಂಗಿಯ ಮೇಲೆ. ಒಂದು ಬೆಳಿಗ್ಗೆ ಮಗಳು ಅಡುಗೆಮನೆಗೆ ಬಂದಳು. "ಅಮ್ಮಾ, ಪಾಪಾ ಟೇಢಾ ಟೇಢಾ ನಡೀತಿದಾರೆ, ಸೊಟ್ಟಸೊಟ್ಟ."

ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು, ಉಪ್ಪು ಕಡಿಮೆಯಾಗಿ ಮೈ ಮಾತ್ರೆಯನ್ನು ಹೊರಗೆ ಬಿಟ್ಟಿಲ್ಲ, ಅದು ಒಳಗೇ ಸೇರಿಕೊಂಡು ವಿಷವಾಗಿದೆ ಎಂದರು. ಏರಿಸಿದ್ದೂ ಉಪ್ಪುನೀರಿನ ಡ್ರಿಪ್ಪನ್ನೇ. ಕಿಡ್ನಿಗೆ ಏನೂ ಆಗಲಿಲ್ಲ, ಅದೂ ದೇವರ ದಯೆ. ಸುಧಾರಿಸಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಮಾತ್ರೆ ಶುರು ಮಾಡಬೇಕೆಂದರು.

ಅತ್ತಿಗೆ ಮಂಚದ ಪಕ್ಕ ನಿಂತು, "ನೋಡಿದ್ಯಾ? ಅದು ವಿಷ ಅಂತ ನಾನು ಹೇಳಿರಲಿಲ್ವಾ?" ಎಂದರು.

ಇವರು ಗೋಡೆಗೆ ಮುಖ ತಿರುಗಿಸಿದರು. "ಇನ್ನು ಆ ಮಾತ್ರೆ ಮುಟ್ಟಲ್ಲ ನಾನು. ಹರಕೆನೂ ಅರ್ಧಕ್ಕೆ ನಿಂತಿತು, ಅದರ ಪಾಪ ಬೇರೆ."

ಮತ್ತೆ ಆ ಮೇಜು, ಆ ರಜಾಯಿ. ನನಗೆ ಮೈಯೆಲ್ಲ ಉರಿಯಿತು.

"ಹರಕೆ ನಿಲ್ಲಲ್ಲ. ಗಂಡನ ಹರಕೆ ಹೆಂಡತಿ ತೀರಿಸಬಹುದು. ಉಳಿದ ದಿನ ಸಪ್ಪೆ ನಾನು ತಿಂತೀನಿ. ನೀವು ಉಪ್ಪು ತಿನ್ನಿ, ಮಾತ್ರೆ ನುಂಗಿ. ಇದರಲ್ಲಿ ದೇವರಿಗೇನು ಕಡಿಮೆ ಆಯ್ತು, ಹೇಳಿ ಅತ್ತಿಗೆ."

"ನಿನ್ನ ಬಾಯಿ ಜಾಸ್ತಿ ಆಯ್ತು," ಎಂದು ಅತ್ತಿಗೆ ಬ್ಯಾಗು ಎತ್ತಿಕೊಂಡು ಹೋದರು.

ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನು ಯಾರ ಉಪ್ಪನ್ನೂ ಬಿಡಿಸೆಂದು ಕೇಳಿರಲಿಲ್ಲ.

ಮಾತ್ರೆ ಮತ್ತೆ ಶುರುವಾಗಬೇಕಾದ ದಿನ ಇವರು ಸಾರನ್ನ ಉಂಡು, ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ಕೂತರು. ನನ್ನ ಸಪ್ಪೆ ಅನ್ನದ ತುತ್ತನ್ನು ತಟ್ಟೆಗೆ ಬಿಟ್ಟೆ.

"ಹಾಗೆ ದುರುಗುಟ್ಟಿ ನೋಡ್ಬೇಡ ಕಣೇ."

"ನುಂಗಿ, ನೋಡಲ್ಲ. ನೀವು ನುಂಗೋವರೆಗೆ ನಾನೂ ಉಣ್ಣಲ್ಲ."

ನುಂಗಿದರು. ನಾನು ತುತ್ತು ಎತ್ತಿದೆ. ತಟ್ಟೆ ಖಾಲಿ ಮಾಡಿಯೇ ಎದ್ದೆ.