ಮಣೆಯ ಮೇಲೆ ಬಿಟ್ಟ ಹುಳ

ಹಾರೋಹಳ್ಳಿ ಕಡೆ ಬಂಡೆ ಒಡೆದು ಫ್ಯಾಕ್ಟರಿಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಬೆಳಗಾದರೆ ವ್ಯಾನು ಬಂದು ನಮ್ಮೂರ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು. ನನ್ನ ಸೊಸೆಯೂ ಹೋಗುತ್ತಿದ್ದಳು. ಅವಳ ಮಗಳು ಸವಿತಾ, ಎಂಟು ವರ್ಷದವಳು, ಬೇಸಿಗೆ ರಜೆಯಲ್ಲಿ ದಿನವಿಡೀ ನನ್ನ ಪಾಲು. ನನ್ನ ಬಾಲ್ಯದಲ್ಲಿ ಕೂತು ಹೇಳುವಂಥದ್ದೇನೂ ಇಲ್ಲ. ದನ ಕಾದೆ, ಮದುವೆಯಾದೆ. ಅದಕ್ಕೇ ಅವಳ ಬಾಲ್ಯದ ಆ ಒಂದು ಬೇಸಿಗೆ ಹೇಳುತ್ತೇನೆ.

ನಮ್ಮದು ರೇಷ್ಮೆಹುಳ ಸಾಕುವ ಮನೆ. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ದಿನಗಳಲ್ಲಿ, ಘಾಟಿಗೆ ಹುಳ ಕೆಡುತ್ತದೆಂದು ಒಗ್ಗರಣೆ ಹಾಕುತ್ತಿರಲಿಲ್ಲ. ಸಪ್ಪೆ ಸಾರು, ಮುದ್ದೆ, ಮನೆ ತುಂಬ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಹಿಂದಿನ ಬೆಳೆ ರೋಗ ಬಿದ್ದು ಪೂರ್ತಿ ಹೋಗಿತ್ತು. ಅವಳು ಹುಳ ಮುಟ್ಟಿದ್ದಕ್ಕೇ ಹೀಗಾಯಿತೆಂದು ನನ್ನ ಮಗ ನಾಗರಾಜ ತಪ್ಪನ್ನೆಲ್ಲ ಮಗಳ ತಲೆಗೆ ಕಟ್ಟಿದ್ದ.

"ಇನ್ನೊಂದು ಕಿತ ಹುಳ ಮುಟ್ಟು, ಸೋಲೂರಿಗೆ ಅಟ್ಬುಡ್ತೀನಿ. ನಿಮ್ಮವ್ವನ ತವರಲ್ಲೇ ಇದ್ಕೊಂಡು ಇಸ್ಕೂಲಿಗೆ ಹೋಗು."

ಬಾಯಿಮಾತಲ್ಲ ಅದು, ಅವನು ಮಾಡುವವನೇ. ಹುಡುಗಿ ಬಾಗಿಲ ಆಚೆಯೇ ನಿಂತು ನೋಡುತ್ತಿದ್ದಳು. ನಾನು ಹಣ್ಣಾದ ಹುಳ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆ. ಅದರ ಸುತ್ತುಗಳ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ.

"ಅಜ್ಜೀ, ಸಂದಿನೇ ಇಲ್ದಿರೋ ಕಡೆ ಬುಟ್ರೆ ಅದು ಎಲ್ಲಿ ಗೂಡು ಕಟ್ತದೆ?"

ನಲವತ್ತು ವರ್ಷ ಹುಳ ಸಾಕಿದ್ದೇನೆ. ಈ ಮಾತು ನನ್ನ ತಲೆಗೆ ಬಂದಿರಲಿಲ್ಲ.

"ನಂಗೊತ್ತಿಲ್ಲ ಕಣವ್ವ" ಅಂದೆ.

"ನಲ್ವತ್ ವರ್ಷದಿಂದ ಏನ್ ನೋಡ್ದೆ ಮತ್ತೆ?"

"ನಿಮ್ಮ ತಾತನ ಮಕ ನೋಡ್ದೆ. ಬಾಯ್ಮುಚ್ಕೊಂಡು ಸೌದೆ ಕೊಟ್ಟಿಗೆಗೆ ನಡಿ."

ಇಪ್ಪತ್ತು ಹುಳ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ತಟ್ಟೆಗೆ ನೀರು ಹುಯ್ದು, ನಡುವೆ ಚೊಂಬು ಬೋರಲು ಹಾಕಿ, ಅದರ ಮೇಲೆ ಊಟದ ಮಣೆ ಇಟ್ಟೆ. ನೀರು ದಾಟಿ ಇರುವೆ ಹತ್ತಬಾರದು. ಹುಳ ಬಿಟ್ಟೆವು. ಅವು ತಲೆಯೆತ್ತಿ ಗಾಳಿಯಲ್ಲಿ ತಡಕಾಡಿದವು. ಅಂಚಿಗೆ ಬಂದದ್ದನ್ನು ಹುಡುಗಿ ಸೊಪ್ಪಿನೆಲೆಯಲ್ಲಿ ಎತ್ತಿ ನಡುವಿಗೆ ಬಿಡುತ್ತಿದ್ದಳು. ಮೂರು ಹಗಲು ಅದೇ ಕೆಲಸ. ಊಟಕ್ಕೆ ಕರೆದರೂ ಏಳಲಿಲ್ಲ. ನಾಲ್ಕೈದು ಹುಳ ನೀರಿಗೆ ಬಿದ್ದು ಸತ್ತವು.

ನಾಲ್ಕನೆಯ ಬೆಳಿಗ್ಗೆ ಅವಳು ನನ್ನ ಸೆರಗು ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಮಣೆಯ ಮೇಲೆ ಒಂದೇ ಒಂದು ಗೂಡಿಲ್ಲ. ಹುಳಗಳೆಲ್ಲ ಸೇರಿ ಹಳದಿ ಬಟ್ಟೆಯನ್ನು ಹಾಸಿಬಿಟ್ಟಿದ್ದವು! ಮಗ್ಗವಿಲ್ಲ, ಲಾಳಿಯಿಲ್ಲ, ನೀರುದೋಸೆಯಷ್ಟು ತೆಳ್ಳಗೆ, ಬಾಗಿಲಿಂದ ಬಿದ್ದ ಬಿಸಿಲಿಗೆ ಹೊಳೆಯುತ್ತಿತ್ತು. ಕೆಲಸ ಮುಗಿಸಿದ ಹುಳಗಳು ಕುಗ್ಗಿ ಅದರ ಮೇಲೇ ಬರಿಮೈಯಲ್ಲಿ ಮಲಗಿದ್ದವು. ನನ್ನ ಕೈ ತಾನಾಗಿ ಮುಗಿಯಿತು. ದೇವಸ್ಥಾನದಲ್ಲೂ ಅಷ್ಟು ಬೇಗ ಮುಗಿಯುವ ಕೈಯಲ್ಲ ಅದು.

ಹಿಂದೆಯೇ ನಾಗರಾಜ ಬಂದು ನಿಂತಿದ್ದ. ಹುಡುಗಿ ನನ್ನ ಬೆನ್ನ ಹಿಂದೆ ಸರಿದಳು.

"ನಾನೇ ಕೊಟ್ಟಿದ್ದು ಕಣ್ಲಾ" ಅಂದೆ. "ಅಟ್ಟೋದಾದ್ರೆ ನನ್ನನ್ನೂ ಸೋಲೂರಿಗೆ ಅಟ್ಟು."

ಅವನು ಕುಕ್ಕರಗಾಲಲ್ಲಿ ಕೂತ. ಬೆರಳ ತುದಿಯಿಂದ ಆ ಬಟ್ಟೆಯನ್ನು ಮುಟ್ಟಿದ.

"ಸಂದಿ ಇಲ್ದಿದ್ರೆ ಹುಳ ಏನ್ ಮಾಡ್ತದೆ ಅಂತ ನಾನೂ ಕೇಳಿದ್ದೆ ಕಣವ್ವ, ಚಿಕ್ಕೋನಿದ್ದಾಗ. ಬೆನ್ ಮ್ಯಾಲೆ ಬಾರಿಸಿ, ಸೊಪ್ ತರಕ್ಕೆ ಓಡ್ಸಿದ್ದೆ ನೀನು."

ನನಗೆ ನೆನಪಿರಲಿಲ್ಲ. ಬಾರಿಸಿರುತ್ತೇನೆ. ಯಾರು ಬಾರಿಸುತ್ತಿರಲಿಲ್ಲ ಆಗ? ಅವನು ಮಗಳ ಕಡೆ ತಿರುಗಿ, "ಒಸಿ ಈಚೆ ಬಾ. ಹೆಂಗ್ ಮಾಡ್ದೆ, ಹೇಳು" ಅಂದ. ಸೋಲೂರಿನ ಮಾತು ಮತ್ತೆ ಎತ್ತಲಿಲ್ಲ.

ಈಗ ಸೊಪ್ಪಿನ ಹೊಲ ಫ್ಯಾಕ್ಟರಿ ಕಾಂಪೌಂಡಿನ ಒಳಗಿದೆ. ಹುಳದ ಮನೆಯಲ್ಲಿ ಬಾಡಿಗೆಯವರು ಇದ್ದಾರೆ. ಅದಕ್ಕೆ ನಾನು ಅಳುವುದಿಲ್ಲ, ಬೆನ್ನು ಮುರಿಯುವ ಕೆಲಸವದು. ಆದರೆ ಒಂದು ದಿನ ಮಗನನ್ನು ಕೂರಿಸಿಕೊಂಡು, "ಚಿಕ್ಕೋನಿದ್ದಾಗ ಇನ್ನೂ ಏನೇನ್ ಕೇಳ್ತಿದ್ದೆಯಪ್ಪಾ, ಈಗ ಕೇಳು" ಅಂದೆ.

ಅವನು ಬಹಳ ಹೊತ್ತು ಯೋಚಿಸಿದ. ಒಂದೂ ನೆನಪಿಗೆ ಬರಲಿಲ್ಲ.