ಎದುವಿಹೆಸ್ ಅತ್ತೆಯ ಪಾಲಿಗೆ ಬಂದ ಗೊಂಬೆ

ನಮ್ಮ ಅತ್ಲಿಸ್ಕೊ ಊರಿನಲ್ಲಿ ಜನವರಿ ಆರರಂದು, ಬಾಲಯೇಸುವನ್ನು ಕಾಣಲು ಬಂದ ಮೂರು ರಾಜರ ಹಬ್ಬದ ರೊಟ್ಟಿ ಕತ್ತರಿಸುವಾಗ ಎಂಥ ಧಾರಾಳಿಯ ಕೈಯೂ ಬಿಗಿಯಾಗುತ್ತದೆ. ಒಳಗೆ ಅಡಗಿಸಿಟ್ಟ ಬಾಲಯೇಸುವಿನ ಎರಡು-ಮೂರು ಪುಟ್ಟ ಗೊಂಬೆಗಳು ಯಾರ್ಯಾರ ತುಂಡಿನಲ್ಲಿ ಸಿಗುತ್ತವೋ, ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬಕ್ಕೆ ಅವರೇ ಇಡೀ ಬಳಗವನ್ನು ಕರೆದು ಮುಸುಕಿನ ಜೋಳದ ತಮಾಲೆ ಕಡುಬು ಬಡಿಸಬೇಕು. ನನ್ನ ಗಂಡ ಒಮ್ಮೆ ಗೊಂಬೆಯನ್ನು ನುಂಗಿಯೇಬಿಟ್ಟಿದ್ದ. ಪುಣ್ಯಾತ್ಮ ಇವತ್ತಿಗೂ ಒಪ್ಪಿಕೊಂಡಿಲ್ಲ.

ನನ್ನ ಸೋದರತ್ತೆ ಎದುವಿಹೆಸ್ ಮಾತ್ರ ಎರಡು ಬೆರಳು ದಪ್ಪದ ತುಂಡನ್ನೇ ತೆಗೆದುಕೊಳ್ಳುವವಳು. ಶಾಲೆಯ ಮುಂದೆ ಮೂವತ್ತು ವರ್ಷ ತಮಾಲೆ ಮಾರಿ ಒಬ್ಬನೇ ಮಗನನ್ನು ಬೆಳೆಸಿದ ವಿಧವೆ. ಗೊಂಬೆ ಬೇರೆಯವರಿಗೆ ಸಿಕ್ಕರೆ ಕಿತ್ತುಕೊಳ್ಳುತ್ತಿದ್ದಳು. "ಕೊಡು ಇಲ್ಲಿ. ನಿನ್ನ ಕೈಯಡುಗೆ ತಿಂದು ಸಾಯೋರ್ಯಾರು?"

ಕಳೆದ ಡಿಸೆಂಬರಿನಲ್ಲಿ, ಮರಿಯಮ್ಮ ಜೋಸೆಫರಿಗೆ ಮನೆಮನೆ ಜಾಗ ಕೇಳುತ್ತ ಹಾಡಿಕೊಂಡು ಹೋಗುವ ಮೆರವಣಿಗೆಯಲ್ಲಿ ಬಿದ್ದು ಅತ್ತೆಯ ಬಲಗೈ ಮುರಿಯಿತು. ಮಗ ಫಿದೆನ್ಸಿಯೊ ತೀರ್ಪು ಕೊಟ್ಟ: "ಈ ಸಲ ಅಮ್ಮನಿಗೆ ಯಾರೂ ಗೊಂಬೆ ಕೊಡಬಾರ್ದು. ಊಟ ನಮ್ಮನೇಲಿ, ತಮಾಲೆ ಅಂಗಡೀದು."

ಕ್ರಿಸ್ಮಸ್ ರಾತ್ರಿ ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವಾಗಲೂ ಅತ್ತೆಯ ಮುಖ ಊದಿಕೊಂಡೇ ಇತ್ತು. ನನ್ನ ಹತ್ತಿರ ಮಾತ್ರ ಹೇಳಿದಳು: "ವರ್ಷಕ್ಕೊಂದಿನ ನನ್ನ ಮನೇಲಿ ಇಪ್ಪತ್ತು ಜನ ಉಣ್ತಾರೆ ಕಣೇ. ಅದೂ ಹೋದ್ರೆ ನಾನು ಯಾರಿಗೆ ಬೇಕು?" ಆದರೆ ಫಿದೆನ್ಸಿಯೊನ ಬಾಯಿಗೆ ಯಾರು ಎದುರಾಡುತ್ತಾರೆ?

ಆರನೇ ತಾರೀಕು ಬಂತು. ಮೂರು ರಾಜರು ರಾತ್ರಿ ಬಂದು ತಮ್ಮ ಬೂಟಿನಲ್ಲಿ ಉಡುಗೊರೆಯಾಗಿ ಇಟ್ಟುಹೋದರೆಂದು ನಂಬಿದ ತುತ್ತೂರಿಗಳನ್ನು ಮಕ್ಕಳು ಬೆಳಗಿನಿಂದ ಊದಿ ತಲೆ ಚಿಟ್ಟು ಹಿಡಿಸಿದ್ದರು. ಫಿದೆನ್ಸಿಯೊ ರೊಟ್ಟಿ ಕತ್ತರಿಸಿದ. ಮೊದಲ ಗೊಂಬೆ ಅವನ ಹೆಂಡತಿ ಒದಿಲ್ಯಾಳಿಗೆ, ಎರಡನೆಯದು ನನ್ನ ಗಂಡನಿಗೆ, ಮೂರನೆಯದು ಅವನಿಗೇ. ನಾವೆಲ್ಲ ಕೇಕೆ ಹಾಕಿ ನಗುತ್ತಿದ್ದಾಗ ಅತ್ತೆ ಕೆನ್ನೆ ಹಿಡಿದುಕೊಂಡಳು.

"ಅಯ್ಯೋ, ನನ್ನ ಹಲ್ಲು!" ಬಾಯಿಂದ ಒಂದು ಗೊಂಬೆ ತೆಗೆದಳು. "ನಂಗೂ ಬಂತು ನೋಡ್ರೋ!"

"ಬೇಕರಿಯವ್ನು ಮೂರೇ ಹಾಕಿದೀನಿ ಅಂದಿದ್ನಲ್ಲ?" ಎಂದಳು ಒದಿಲ್ಯಾ.

ಉಳಿದ ಮೂರೂ ಹಾಲುಬಿಳುಪು. ಅತ್ತೆಯದು ಹಳದಿಗಟ್ಟಿತ್ತು, ಒಂದು ಕಾಲೂ ಇರಲಿಲ್ಲ. ಯಾವ ಕಾಲದ ರೊಟ್ಟಿಯದೋ ಏನೋ. ಅದನ್ನು ಎಲ್ಲರೂ ನೋಡಿದರು. ಅತ್ತೆ ತಲೆ ತಗ್ಗಿಸಿದಳು. ಅವಳು ಮಗನಿಗೆ ಹೆದರಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಫಿದೆನ್ಸಿಯೊ ಗೊಂಬೆಯನ್ನು ತಿರುಗಿಸಿ ನೋಡಿದ. ಅಮ್ಮನ ಕೈಯ ಪಟ್ಟಿ ನೋಡಿದ.

"ಆ ಬೇಕರಿಯವನಿಗೆ ಲೆಕ್ಕ ಬರಲ್ಲ ಬಿಡಿ. ಅಮ್ಮನಿಗೆ ಬಂದಿದೆ ಅಂದ್ಮೇಲೆ ಊಟ ಅಮ್ಮನ ಮನೇಲೇ. ಆದ್ರೆ ನಮಗೂ ಬಂದಿದೆಯಲ್ಲ, ನಾವು ಮೂರು ಜನ ಬಂದು ಹಿಟ್ಟು ನಾದ್ತೀವಿ."

ಫೆಬ್ರವರಿ ಎರಡರ ಬೆಳಿಗ್ಗೆ ಅತ್ತೆ ಅಡುಗೆಮನೆಯ ನಡುವೆ ಕುರ್ಚಿ ಹಾಕಿಕೊಂಡು ಕೂತಳು. "ಮಗೂನ ತಟ್ಟಿದಂಗೆ ತಟ್ಟಬೇಡ್ವೋ, ಬಡಿ!" ಫಿದೆನ್ಸಿಯೊ ಮೊಳಕೈವರೆಗೆ ಹಂದಿಕೊಬ್ಬು ಮೆತ್ತಿಕೊಂಡು ನಾದಿದ. ಹದವಾದ ಹಿಟ್ಟು ತೇಲಬೇಕು. ಒಂದು ಚೂರನ್ನು ನೀರಿಗೆ ಹಾಕಿದ, ಮುಳುಗಿತು. ಮತ್ತೆ ನಾದಿದ, ಮುಳುಗಿತು. ನಾಲ್ಕನೇ ಸಲ ತೇಲಿತು.

ಅತ್ತೆ ಎಡಗೈಯಿಂದ ಕಣ್ಣೊರೆಸಿಕೊಂಡಳು. "ಸದ್ಯ. ಇನ್ನು ನಾನು ಸತ್ರೂ ಈ ಮನೇಲಿ ಹಬ್ಬ ನಿಲ್ಲಲ್ಲ."

"ಸಾಯೋದೆಲ್ಲ ಆಮೇಲೆ," ಎಂದು ಒದಿಲ್ಯಾ ಚಮಚವನ್ನು ಅವಳ ಬಾಯಿಗೆ ಹಿಡಿದಳು. "ಮೊದ್ಲು ಈ ಸಾರಿಗೆ ಉಪ್ಪು ಸಾಕಾ ಹೇಳಿ."