ಒಂದು ಹಿಡಿ ಮರಳು

ಜಪಾನಿನ ತೊತ್ತೋರಿ ನಗರದಾಚೆ, ಮರಳುಗುಡ್ಡಗಳ ಮಗ್ಗುಲಿನ ಬಡಾವಣೆಯಲ್ಲಿ ಗೆಳತಿ ಸುಧಾಳ ಮನೆ. ಗಾಳಿ ತಂದು ಹೊಸ್ತಿಲಲ್ಲಿ ಸುರಿದ ಮರಳನ್ನು ಅವಳು ದಿನಾ ಬೆಳಿಗ್ಗೆ ಗುಡಿಸಿ, ಬಕೆಟ್ಟಿಗೆ ತುಂಬಿ, ಸೈಕಲ್ಲಿನಲ್ಲಿ ಒಯ್ದು ಗುಡ್ಡಕ್ಕೇ ಸುರಿದು ಬರುತ್ತಾಳೆ.

"ಎಷ್ಟು ನುಣುಪಾಗಿದೆ! ಒಂದು ಹಿಡಿ ಟೋಕಿಯೊಗೆ ಒಯ್ತೀನಿ ಕಣೇ, ಕಡಲೆಕಾಯಿ ಹುರಿಯೋಕೆ," ಎಂದೆ.

"ಆಗಲ್ಲ. ಗುಡ್ಡದ ಮರಳು ಊರಾಚೆ ಹೋಗೋ ಹಾಗಿಲ್ಲ. ಇಲ್ಲಿನ ರೂಲ್ಸು."

ಅವಳು ಒಳಹೋದಾಗ ನನ್ನ ಟಿಫಿನ್ ಡಬ್ಬಿಗೆ ತುಂಬಿಕೊಂಡೆ. ಒಂದು ಹಿಡಿ ಯಾರಿಗೆ ಗೊತ್ತಾಗುತ್ತದೆ?

ನಾನು ಹೊರಟಾಗ ಬೀಳ್ಕೊಡಲು ಬಸ್ ಸ್ಟಾಪಿಗೆ ಬಕೆಟ್ ಸಮೇತ ಬಂದಿದ್ದ ಸುಧಾ ಕೈ ಚಾಚಿದಳು. "ಡಬ್ಬಿ ಕೊಡು. ನೀನು ಬಸ್ ಹತ್ತಿ ಹೋಗ್ತೀಯ, ನಾನು ಇಲ್ಲೇ ಬಾಳ್ಬೇಕು."

ಕೊಟ್ಟೆ. ಬಕೆಟ್ಟಿನ ಮೇಲೆ ಬೋರಲು ಹಾಕಿ ತಟ್ಟಿದಳು. ಅಷ್ಟರಲ್ಲಿ ಬಸ್ಸು ಬಂತು.

"ನಿಲ್ಲು," ಎಂದಳು. "ಶೂ ಬಿಚ್ಚು."